ವಲಸೆ ಬಂದ ಗೇ, ಬೈಸೆಕ್ಷುಯಲ್ ಗಂಡಸರಿಗೆ ಎಚ್‌ಐವಿ ತಡೆಯುವ ದಾರಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಓದಿಗೋ ಕೆಲಸಕ್ಕೋ ಬೇರೆ ದೇಶಕ್ಕೆ ಬಂದಿದ್ದೀರಿ. ಗಂಡಸರ ಜೊತೆ ಮಲಗುತ್ತೀರಿ, ಅಥವಾ ಮಲಗಬೇಕು ಅನ್ನಿಸುತ್ತಿದೆ. ಎಚ್‌ಐವಿ ಬಗ್ಗೆ ಒಂದು ಭಯ ಇದೆ, ಕೇಳಲು ಯಾರೂ ಇಲ್ಲ. ಈ ಪುಟ ನಿಮಗಾಗಿ. ಕೇಳೋಕೆ ನಾಚಿಕೆಯಾಗುವ ಪ್ರಶ್ನೆಗಳಿಗೆ ಬೇಕೆಂದೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ನಿನ್ನೆಯೋ ಮೊನ್ನೆಯೋ ಏನಾದರೂ ಆಗಿ ಗಾಬರಿಯಲ್ಲಿದ್ದರೆ ಮಿಕ್ಕಿದ್ದನ್ನು ಆಮೇಲೆ ಓದಿ. ಮೊದಲು ಕೆಳಗಿನ ಪ್ರಶ್ನೆ ನೋಡಿ.

ಕಾಂಡೋಮ್ ಹರಿಯಿತು, ಅಥವಾ ಹಾಕಲೇ ಇಲ್ಲ. ಈಗೇನು ಮಾಡಲಿ?

ಪೆಪ್ ಅಂತ ಒಂದು ಚಿಕಿತ್ಸೆ ಇದೆ, ಅಪಾಯದ ಸೆಕ್ಸ್ ಆದ ಮೇಲೆ ಎಚ್‌ಐವಿ ದೇಹದಲ್ಲಿ ನೆಲೆಯೂರದಂತೆ ತಡೆಯಲು. 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ಬಿಡದೆ ಮಾತ್ರೆ ತೆಗೆದುಕೊಳ್ಳಬೇಕು. 72 ಗಂಟೆ ಎಂಬುದು ಕೊನೆಯ ಗಡಿ. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, ಹಾಗಾಗಿ ಸೋಮವಾರ ಕ್ಲಿನಿಕ್ ತೆರೆಯಲಿ ಅಂತ ಕಾಯಬೇಡಿ. ರಾತ್ರಿಯಾಗಿದ್ದರೂ, ರಜೆಯಾಗಿದ್ದರೂ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಅಲ್ಲಿ ಇಡೀ ಕಥೆ ಹೇಳಬೇಕಾಗಿಲ್ಲ. "ನನಗೆ ಪೆಪ್ ಬೇಕು, ಇಷ್ಟು ಗಂಟೆ ಆಯಿತು, ಗಂಡಸಿನ ಜೊತೆ ಗುದ ಸಂಭೋಗ, ಕಾಂಡೋಮ್ ಇರಲಿಲ್ಲ" ಅಂದರೆ ಸಾಕು. ಭಾಷೆ ತಡವರಿಸುತ್ತಿದ್ದರೆ ಇದನ್ನೇ ಆ ದೇಶದ ಭಾಷೆಯಲ್ಲಿ ಫೋನ್‌ನಲ್ಲಿ ಬರೆದು ತೋರಿಸಿ. ತುರ್ತು ವಿಭಾಗದ ಎಲ್ಲರಿಗೂ ಪೆಪ್ ಬಗ್ಗೆ ಚೆನ್ನಾಗಿ ಗೊತ್ತಿರುತ್ತದೆ ಅಂತಲ್ಲ. ಒಬ್ಬರು ಸುಮ್ನೆ ವಾಪಸ್ ಕಳಿಸಿದರೆ ಅಲ್ಲೇ ಇನ್ನೊಬ್ಬ ವೈದ್ಯರನ್ನು ಕೇಳಿ. ಇದು ನೀವು ಬೇಡುತ್ತಿರುವ ಉಪಕಾರ ಅಲ್ಲ. ಒಪ್ಪಿತವಾದ, ಎಷ್ಟೋ ವರ್ಷಗಳಿಂದ ಬಳಕೆಯಲ್ಲಿರುವ ಚಿಕಿತ್ಸೆ.

ಈಗಾಗಲೇ ಎರಡು ಮೂರು ಸಲ ಪೆಪ್ ತೆಗೆದುಕೊಂಡಿದ್ದರೆ ನಿಮಗೆ ಬೇಕಿರುವುದು ಬಹುಶಃ ಪ್ರೆಪ್, ಅಂದರೆ ಸೋಂಕು ತಗುಲದಂತೆ ಮೊದಲೇ ತೆಗೆದುಕೊಳ್ಳುವ ಔಷಧ. ಅದರ ವಿಷಯ ಮುಂದೆ ಇದೆ.

ಎಚ್‌ಐವಿ ಎಲ್ಲರಿಗೂ ಒಂದೇ ಅಲ್ವಾ? ವಲಸೆ ಬಂದವರಿಗೆ ಯಾಕೆ ಬೇರೆ ಮಾತು?

ವೈರಸ್ ಒಂದೇ. ಅದನ್ನು ತಡೆಯುವ ಸಾಧನ ಕೈಗೆ ಸಿಗುವ ರೀತಿ ಮಾತ್ರ ಒಂದೇ ಅಲ್ಲ.

ವಲಸಿಗರು ಸೋಂಕನ್ನು ತಮ್ಮ ದೇಶದಿಂದಲೇ ತರುತ್ತಾರೆ ಎಂಬ ಮಾತು ಬಹಳ ಕಡೆ ಓಡಾಡುತ್ತದೆ. ಯುರೋಪಿನ 9 ದೇಶಗಳಲ್ಲಿ ಎಚ್‌ಐವಿ ಇರುವ ವಲಸಿಗರ ಬಗ್ಗೆ ನಡೆದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇ. 63ರಷ್ಟು ಜನರಿಗೆ ಸೋಂಕು ತಗುಲಿದ್ದು ವಲಸೆ ಬಂದ ಮೇಲೆ. ಗೇ ಮತ್ತು ಬೈಸೆಕ್ಷುಯಲ್ ಗಂಡಸರಲ್ಲಿ ಈ ಪಾಲು ಇನ್ನೂ ಜಾಸ್ತಿ. ಆಸ್ಟ್ರೇಲಿಯಾದಲ್ಲಿ 2018ರ ಏಪ್ರಿಲ್‌ನಿಂದ ಪ್ರೆಪ್ ಸರ್ಕಾರದ ಸಬ್ಸಿಡಿ ಪಟ್ಟಿಗೆ ಸೇರಿತು. ಅಲ್ಲೇ ಹುಟ್ಟಿದ ಗೇ ಗಂಡಸರಲ್ಲಿ ಹೊಸ ಸೋಂಕು ಚೆನ್ನಾಗಿ ಇಳಿಯಿತು. ಹೊರದೇಶದಲ್ಲಿ ಹುಟ್ಟಿದವರಲ್ಲಿ ಅಷ್ಟು ಇಳಿಯಲಿಲ್ಲ. ಅವರಲ್ಲಿ ಎಷ್ಟೋ ಜನ ವಿದ್ಯಾರ್ಥಿಗಳು. ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಅವರು ಸೇರುವಂತಿರಲಿಲ್ಲ.

ಅಂದರೆ ತೊಂದರೆ ನಿಮ್ಮ ನಡತೆಯಲ್ಲೂ ಇಲ್ಲ, ನಿಮ್ಮ ದೇಶದಲ್ಲೂ ಇಲ್ಲ. ಹೊಸ ಜಾಗಕ್ಕೆ ಬರುತ್ತೀರಿ. ಮೊದಲ ಸಲ ಸ್ವಲ್ಪ ಬಿಡುಗಡೆ ಸಿಗುತ್ತದೆ, ಆ್ಯಪ್‌ನಲ್ಲಿ ಜನ ಸಿಗುತ್ತಾರೆ. ಕ್ಲಿನಿಕ್ ಎಲ್ಲಿದೆ ಅಂತ ತಿಳಿಯೋದು ಮಾತ್ರ ಎಷ್ಟೋ ತಿಂಗಳು ಕಳೆದ ಮೇಲೆ. ಅಪಾಯ ಇರುವುದು ಆ ನಡುವಿನ ಸಮಯದಲ್ಲಿ. ಮನೆ ಹುಡುಕುವ, ಬ್ಯಾಂಕ್ ಖಾತೆ ತೆರೆಯುವ ವಾರದಲ್ಲೇ ಲೈಂಗಿಕ ಆರೋಗ್ಯದ ಕ್ಲಿನಿಕ್ ಕೂಡ ಹುಡುಕಿಕೊಳ್ಳಿ.

ಏನೇನು ಆಯ್ಕೆ ಇದೆ?

ಕಾಂಡೋಮ್ ಮತ್ತು ಲ್ಯೂಬ್ (ಜಾರಲು ಹಚ್ಚುವ ದ್ರವ). ದಿನಾ ನುಂಗುವ ಪ್ರೆಪ್ ಮಾತ್ರೆ. ಬೇಕಾದಾಗ ಮಾತ್ರ ನುಂಗುವ ಪ್ರೆಪ್. ಎರಡು ತಿಂಗಳಿಗೊಂದು ಅಥವಾ ಆರು ತಿಂಗಳಿಗೊಂದು ಇಂಜೆಕ್ಷನ್. ತುರ್ತಿಗೆ ಪೆಪ್. ಸಂಗಾತಿಗೆ ಎಚ್‌ಐವಿ ಇದ್ದರೆ ಅವನ ಚಿಕಿತ್ಸೆಯೇ ನಿಮಗೂ ರಕ್ಷಣೆ. ಒಂದನ್ನೇ ಆರಿಸಿ ಜೀವನಪೂರ್ತಿ ಅದಕ್ಕೇ ಅಂಟಿಕೊಳ್ಳಬೇಕಿಲ್ಲ. ಕಾಲೇಜು ಪರೀಕ್ಷೆಯ ತಿಂಗಳಲ್ಲಿ ಒಂದು, ಹೊಸ ಸಂಬಂಧದಲ್ಲಿ ಇನ್ನೊಂದು, ಅದರಲ್ಲಿ ತಪ್ಪೇನೂ ಇಲ್ಲ.

ನಾನು ಕಾಂಡೋಮ್ ಹಾಕ್ತೀನಿ. ಅಷ್ಟು ಸಾಲದಾ?

ಪ್ರತಿ ಸಲ, ಶುರುವಿನಿಂದ ಕೊನೆಯವರೆಗೆ ಹಾಕುತ್ತಿದ್ದರೆ ಅದು ಒಳ್ಳೆಯ ರಕ್ಷಣೆ. ಸಿಫಿಲಿಸ್, ಗೊನೋರಿಯಾದಂಥ ರೋಗಗಳನ್ನೂ ಕಡಿಮೆ ಮಾಡುತ್ತದೆ. ಲ್ಯೂಬ್ ಮಾತ್ರ ನೀರಿನದೋ ಸಿಲಿಕೋನ್‌ನದೋ ಆಗಿರಲಿ. ಎಣ್ಣೆ, ವ್ಯಾಸಲೀನ್ ಹಚ್ಚಿದರೆ ಲೇಟೆಕ್ಸ್ ಕಾಂಡೋಮ್ ಹರಿಯುತ್ತದೆ.

ನಿಮ್ಮನ್ನೇ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕಾದದ್ದು ಒಂದಿದೆ. ಕಳೆದ ಕೆಲವು ತಿಂಗಳಲ್ಲಿ ಪ್ರತಿ ಸಲವೂ ಹಾಕಿದ್ದಿರಾ? ಬಾಟಮ್ ಆಗಿದ್ದರೆ, ಅಂದರೆ ಗುದ ಸಂಭೋಗದಲ್ಲಿ ಒಳಗೆ ತೆಗೆದುಕೊಳ್ಳುವವರು ನೀವಾಗಿದ್ದರೆ, ಕಾಂಡೋಮ್ ನಿಮ್ಮ ಕೈಯಲ್ಲಿ ಇರೋದಿಲ್ಲ. ಎದುರಿನವನು ದೊಡ್ಡವನು, ಭಾಷೆ ಚೆನ್ನಾಗಿ ಬಲ್ಲವನು, ಮನೆ ಅವನದು ಅಂದಾಗ "ಬೇಡ" ಅನ್ನೋದು ಕಷ್ಟ. ಅಂಥ ಹೊತ್ತಿನಲ್ಲಿ ಯಾರನ್ನೂ ಕೇಳದೆ ನಿಮ್ಮ ಕೈಯಲ್ಲೇ ಇರುವ ರಕ್ಷಣೆ ಪ್ರೆಪ್. ಈ ಒಂದು ಕಾರಣಕ್ಕೇ ವಲಸೆ ಬಂದ ಹುಡುಗರಿಗೆ ಪ್ರೆಪ್ ಬಗ್ಗೆ ಮೊದಲು ತಿಳಿಯಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಪ್ರೆಪ್ ನಿಜಕ್ಕೂ ಕೆಲಸ ಮಾಡುತ್ತಾ?

ಮಾಡುತ್ತದೆ. ಟೆನೊಫೊವಿರ್ ಮತ್ತು ಎಮ್ಟ್ರಿಸಿಟಾಬಿನ್ ಎಂಬ ಎರಡು ಔಷಧ ಸೇರಿದ ಮಾತ್ರೆ ಇದು. ಎಚ್‌ಐವಿ ಇಲ್ಲದವರು ನುಂಗುತ್ತಾರೆ. ವೈರಸ್ ದೇಹಕ್ಕೆ ಬಂದರೂ ಜೀವಕೋಶದಲ್ಲಿ ತನ್ನ ಪ್ರತಿ ಮಾಡಿಕೊಂಡು ನೆಲೆಯೂರಲು ಔಷಧ ಬಿಡುವುದಿಲ್ಲ. ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ಎಚ್‌ಐವಿ ಅಪಾಯ ಹೆಚ್ಚಿರುವ ಎಲ್ಲರಿಗೂ ಇದನ್ನು ಕೊಡಿ ಎಂದು ಹೇಳಿತು. ಇಂಗ್ಲೆಂಡಿನ ಪ್ರೌಡ್ ಅಧ್ಯಯನದಲ್ಲಿ ಪ್ರೆಪ್ ಸಿಕ್ಕ ಗುಂಪಿನಲ್ಲಿ ಸೋಂಕು ಶೇ. 86ರಷ್ಟು ಕಡಿಮೆಯಿತ್ತು. ಸರಿಯಾಗಿ ನುಂಗುವವರಲ್ಲಿ ರಕ್ಷಣೆ ಸುಮಾರು ಶೇ. 99.

ಒಂದು ದಿನ ಮರೆತರೆ ಲೋಕ ಮುಳುಗುವುದಿಲ್ಲ. ವಾರಕ್ಕೆ 4 ಅಥವಾ ಅದಕ್ಕಿಂತ ಜಾಸ್ತಿ ಮಾತ್ರೆ ನುಂಗಿದ ಗಂಡಸರಲ್ಲಿ ಗುದ ಸಂಭೋಗಕ್ಕೆ ರಕ್ಷಣೆ ಬಹಳ ಚೆನ್ನಾಗಿತ್ತು. ಗುರಿ ಮಾತ್ರ ಏಳು ದಿನಕ್ಕೂ ಇರಲಿ.

ಶುರು ಮಾಡುವ ಮೊದಲು ಎಚ್‌ಐವಿ ಟೆಸ್ಟ್ ಆಗಲೇಬೇಕು. ನಿಮಗೇ ತಿಳಿಯದೆ ಸೋಂಕು ಇದ್ದರೆ ಈ ಎರಡೇ ಔಷಧ ಚಿಕಿತ್ಸೆಗೆ ಸಾಲದು. ವೈರಸ್ ಔಷಧಕ್ಕೆ ಬಗ್ಗದಂತೆ ಬದಲಾಗಬಹುದು. ಹಾಗಾಗಿ ಗೆಳೆಯನ ಡಬ್ಬಿಯಿಂದ ಮಾತ್ರೆ ಇಸ್ಕೊಂಡು ಸುಮ್ನೆ ಶುರು ಮಾಡಬೇಡಿ. ಮೂತ್ರಪಿಂಡದ ಟೆಸ್ಟ್, ಹೈಪಟೈಟಿಸ್ ಬಿ ಟೆಸ್ಟ್ ಕೂಡ ಮಾಡುತ್ತಾರೆ. ಆಮೇಲೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ತಪಾಸಣೆ.

ಸೈಡ್ ಎಫೆಕ್ಟ್ ಜಾಸ್ತಿನಾ?

ಬಹಳ ಜನಕ್ಕೆ ಏನೂ ಆಗುವುದಿಲ್ಲ. ಕೆಲವರಿಗೆ ಮೊದಲ ಕೆಲವು ವಾರ ಹೊಟ್ಟೆ ತೊಳಸಿದಂತೆ, ತಲೆನೋವು, ಭೇದಿ. ಆಮೇಲೆ ತಾನಾಗಿ ಹೋಗುತ್ತದೆ. ಮೂತ್ರಪಿಂಡದ ತೊಂದರೆ ಮೊದಲೇ ಇದ್ದರೆ ವೈದ್ಯರಿಗೆ ಹೇಳಿ, ಬೇರೆ ಬಗೆಯ ಪ್ರೆಪ್ ಕೂಡ ಇದೆ. ಜಿಮ್ ಪೂರಕಗಳು, ದಿನಾ ತೆಗೆದುಕೊಳ್ಳುವ ನೋವಿನ ಮಾತ್ರೆ, ಇವನ್ನೂ ಮುಚ್ಚಿಡಬೇಡಿ.

ನನಗೆ ತಿಂಗಳಿಗೆ ಒಮ್ಮೆ ಆದರೆ ಹೆಚ್ಚು. ದಿನಾ ಯಾಕೆ ನುಂಗಲಿ?

ದಿನಾ ಬೇಕಿಲ್ಲ. ಬೇಕಾದಾಗ ಮಾತ್ರ ನುಂಗುವ ಕ್ರಮ ಇದೆ. ಜನ ಇದನ್ನು ಎರಡು-ಒಂದು-ಒಂದು ಅನ್ನುತ್ತಾರೆ. ಸೆಕ್ಸ್‌ಗೆ 2ರಿಂದ 24 ಗಂಟೆ ಮೊದಲು ಒಟ್ಟಿಗೆ 2 ಮಾತ್ರೆ. ಆ ಮೊದಲ ಡೋಸ್ ಆಗಿ 24 ಗಂಟೆಗೆ 1. ಅದಾಗಿ 24 ಗಂಟೆಗೆ ಇನ್ನೊಂದು. ಮರುದಿನವೂ, ಅದರ ಮರುದಿನವೂ ಸೆಕ್ಸ್ ಇದ್ದರೆ ದಿನಕ್ಕೊಂದು ಮಾತ್ರೆ ಮುಂದುವರಿಸಿ, ಕೊನೆಯ ಸಲದ ನಂತರ ಎರಡು ದಿನ ನುಂಗಿ ನಿಲ್ಲಿಸಿ. ಫ್ರಾನ್ಸ್ ಮತ್ತು ಕೆನಡಾದಲ್ಲಿ ನಡೆದ ಇಪೆರ್ಗೇ ಅಧ್ಯಯನದಲ್ಲಿ ಈ ಕ್ರಮವೂ ಸೋಂಕನ್ನು ಶೇ. 86ರಷ್ಟು ತಗ್ಗಿಸಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿತು.

ಇದು ಎಲ್ಲರಿಗೂ ಹೊಂದುವುದಿಲ್ಲ. ಹೈಪಟೈಟಿಸ್ ಬಿ ಇದ್ದರೆ ಈ ಕ್ರಮ ಬೇಡ. ಇದೇ ಔಷಧ ಆ ವೈರಸ್ಸನ್ನೂ ಅದುಮಿಡುತ್ತದೆ, ಹಾಗಾಗಿ ತೆಗೆದುಕೊಂಡು ಬಿಟ್ಟು ಮಾಡಿದರೆ ಲಿವರ್‌ಗೆ ಪೆಟ್ಟು ಬೀಳಬಹುದು. ಹೈಪಟೈಟಿಸ್ ಬಿ ಹೆಚ್ಚಿರುವ ದೇಶಗಳಿಂದ ಬಂದವರಲ್ಲಿ ತಮಗೆ ಅದು ಇದೆ ಅಂತಲೇ ತಿಳಿಯದವರು ಬಹಳ. ಟೆಸ್ಟ್ ಮಾಡಿಸದೆ ಎರಡು-ಒಂದು-ಒಂದು ಬೇಡವೇ ಬೇಡ.

ಹಣ ಉಳಿಸಬೇಕಾದ ವಿದ್ಯಾರ್ಥಿಗೆ ಈ ಕ್ರಮ ವರ ಅಂತಲೇ ಹೇಳಬೇಕು. ಮಾತ್ರೆ ಬಹಳ ಕಡಿಮೆ ಸಾಕು. ಆದರೆ ಎರಡು ಗಂಟೆ ಮೊದಲೇ ಗೊತ್ತಿರಬೇಕು ಅಥವಾ ಎರಡು ಗಂಟೆ ತಡೆಯುವುದು ನಿಮಗೆ ಸಾಧ್ಯವಿರಬೇಕು.

ರೂಮಿನಲ್ಲಿ ನಾಲ್ಕು ಜನ ಇದ್ದೇವೆ. ಮಾತ್ರೆ ಯಾರಾದರೂ ನೋಡಿದರೆ?

ಈ ಭಯವನ್ನು ಯಾರೂ ಹಗುರ ಮಾಡಬಾರದು. ಎಷ್ಟೋ ಜನ ಪ್ರೆಪ್ ಬಿಡುವುದು ಇದೇ ಕಾರಣಕ್ಕೆ. ಡಬ್ಬಿಯ ಹೆಸರು ಯಾರೋ ಹುಡುಕುತ್ತಾರೆ, ಸುದ್ದಿ ಊರಿನ ಮನೆಯವರೆಗೆ ಹೋಗುತ್ತದೆ.

ಮಾತ್ರೆಗಳನ್ನು ಒಂದು ಸಾದಾ ಡಬ್ಬಿಗೆ ಹಾಕಿ ಬ್ಯಾಗಿನಲ್ಲಿ ಇಟ್ಟುಕೊಳ್ಳಬಹುದು. ತೇವ ತಾಗದಿದ್ದರೆ ಸಾಕು. ಮೂಲ ಡಬ್ಬಿಯನ್ನು ಕೆಲಸದ ಲಾಕರ್‌ನಲ್ಲಿ ಇಡಬಹುದು. ಕ್ಲಿನಿಕ್‌ಗೆ "ಮನೆಗೆ ಕಾಗದ ಕಳಿಸಬೇಡಿ, ನನಗೆ ಮಾತ್ರ ಮೆಸೇಜ್ ಮಾಡಿ" ಎಂದು ಹೇಳಿ. ವಿಮೆ ಅಪ್ಪನ ಅಥವಾ ಹೆಂಡತಿಯ ಹೆಸರಿನಲ್ಲಿದ್ದರೆ ಬಿಲ್‌ನ ವಿವರ ಅವರಿಗೆ ಹೋಗಬಹುದು. ಅಂಥಲ್ಲಿ ವಿಮೆ ಕೇಳದ ಉಚಿತ ಕ್ಲಿನಿಕ್ ಮೇಲು.

ಇಂಜೆಕ್ಷನ್ ಸಿಗುವ ಕಡೆ ಈ ತಲೆನೋವೇ ಇಲ್ಲ. ಕ್ಯಾಬೊಟೆಗ್ರಾವಿರ್ ಎಂಬ ಇಂಜೆಕ್ಷನ್‌ಗೆ 2021ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕುಂಡಿಗೆ ಕೊಡುತ್ತಾರೆ. ಮೊದಲ ಎರಡು ಡೋಸ್ ಒಂದು ತಿಂಗಳ ಅಂತರದಲ್ಲಿ, ಆಮೇಲೆ ಎರಡು ತಿಂಗಳಿಗೊಮ್ಮೆ. ಗಂಡಸರ ಜೊತೆ ಸಂಬಂಧ ಇರುವ ಗಂಡಸರು ಮತ್ತು ಟ್ರಾನ್ಸ್ ಮಹಿಳೆಯರ ನಡುವೆ ನಡೆದ ಅಧ್ಯಯನದಲ್ಲಿ ದಿನದ ಮಾತ್ರೆಯವರಿಗಿಂತ ಇಂಜೆಕ್ಷನ್‌ನವರಲ್ಲಿ ಸೋಂಕು ಶೇ. 66ರಷ್ಟು ಕಡಿಮೆ. ಮರೆಯುವುದಕ್ಕೆ ಅವಕಾಶವೇ ಇಲ್ಲದ್ದು ಅದಕ್ಕೆ ದೊಡ್ಡ ಕಾರಣ. ಲೆನಾಕಾಪಾವಿರ್ ಇನ್ನೂ ಹೊಸದು, ಆರು ತಿಂಗಳಿಗೊಮ್ಮೆ ಹೊಟ್ಟೆಯ ಚರ್ಮದ ಕೆಳಗೆ ಕೊಡುತ್ತಾರೆ. ಅದರ ಅಧ್ಯಯನದಲ್ಲಿ ಈ ಇಂಜೆಕ್ಷನ್ ಪಡೆದ 2,179 ಜನರಲ್ಲಿ ಸೋಂಕು ತಗುಲಿದ್ದು 2 ಜನರಿಗೆ. 2025ರ ಜೂನ್‌ನಲ್ಲಿ ಅಮೆರಿಕ ಒಪ್ಪಿತು, ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಎಲ್ಲ ದೇಶದಲ್ಲೂ ಇವು ಸಿಗುವುದಿಲ್ಲ, ಆದರೂ ಕ್ಲಿನಿಕ್‌ನಲ್ಲಿ ಕೇಳಿ ನೋಡಿ.

ವಲಸೆಯವರು ಯೋಚಿಸಬೇಕಾದ ಒಂದು ವಿಷಯ ಇದೆ. ಇಂಜೆಕ್ಷನ್ ನಿಲ್ಲಿಸಿದ ಮೇಲೂ ಔಷಧ ಕಡಿಮೆ ಮಟ್ಟದಲ್ಲಿ ಎಷ್ಟೋ ತಿಂಗಳು ದೇಹದಲ್ಲಿ ಉಳಿಯುತ್ತದೆ. ಅಷ್ಟು ಕಡಿಮೆ ಔಷಧ ಸೋಂಕನ್ನು ತಡೆಯಲಾರದು. ಆಗ ಸೋಂಕು ತಗುಲಿದರೆ ವೈರಸ್ ಔಷಧಕ್ಕೆ ಬಗ್ಗದಂತೆ ಆಗಬಹುದು. ಇನ್ನು ಕೆಲವೇ ತಿಂಗಳಲ್ಲಿ ದೇಶ ಬದಲಿಸುವವರಿದ್ದರೆ, ಹೋಗುವ ಕಡೆ ಇಂಜೆಕ್ಷನ್ ಸಿಗದಿದ್ದರೆ, ಮಾತ್ರೆಗೆ ಬದಲಾಗುವ ಯೋಜನೆ ಮೊದಲೇ ಮಾಡಿ.

ಟೆಸ್ಟ್ ಮಾಡಿಸಿದರೆ, ಪ್ರೆಪ್ ತೆಗೆದುಕೊಂಡರೆ ವೀಸಾಗೆ ತೊಂದರೆಯಾ?

ಜನ ಕ್ಲಿನಿಕ್ ಬಾಗಿಲಿಂದಲೇ ತಿರುಗಿ ಹೋಗುವುದು ಈ ಪ್ರಶ್ನೆಗೆ ಹೆದರಿ.

ಪ್ರೆಪ್ ಕಾಯಿಲೆಗೆ ಕೊಡುವ ಮದ್ದಲ್ಲ. ಅದು ಎಚ್‌ಐವಿ ಇಲ್ಲದವರು ತೆಗೆದುಕೊಳ್ಳುವುದು. ಟೆಸ್ಟ್ ಫಲಿತಾಂಶ ಗುಟ್ಟಾಗಿರಬೇಕು ಎಂಬ ಕಾನೂನು ಬಹಳ ದೇಶಗಳಲ್ಲಿ ಇದೆ. ಪಾಸಿಟಿವ್ ಬಂದರೆ ರೋಗಗಳ ಲೆಕ್ಕ ಇಡುವ ಆರೋಗ್ಯ ಇಲಾಖೆಗೆ ತಿಳಿಸುವ ನಿಯಮ ಇರುವ ಕಡೆಯೂ ಅದು ವಲಸೆ ಇಲಾಖೆಗೆ ದೂರು ಕೊಟ್ಟಂತೆ ಅಲ್ಲ. ಅಮೆರಿಕ ಎಚ್‌ಐವಿ ಇರುವವರ ಪ್ರವೇಶಕ್ಕೆ ಇದ್ದ ತಡೆಯನ್ನು 2010ರ ಜನವರಿಯಲ್ಲಿ ತೆಗೆದುಹಾಕಿತು. ಇಂಗ್ಲೆಂಡಿನಲ್ಲಿ 2012ರ ಅಕ್ಟೋಬರ್‌ನಿಂದ ಎಚ್‌ಐವಿ ಚಿಕಿತ್ಸೆ ಎಲ್ಲರಿಗೂ ಉಚಿತ. ಅದಕ್ಕೆ ಯಾವ ವೀಸಾ ಅನ್ನುವುದು ಮುಖ್ಯವಲ್ಲ.

ಎಲ್ಲ ಕಡೆ ಹೀಗಿಲ್ಲ, ಅದನ್ನು ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದಂತೆ. 2019ರಲ್ಲಿ ವಿಶ್ವಸಂಸ್ಥೆಯ ಏಡ್ಸ್ ವಿಭಾಗ ಲೆಕ್ಕ ಹಾಕಿದಾಗ 48 ದೇಶ ಮತ್ತು ಪ್ರದೇಶಗಳಲ್ಲಿ ಎಚ್‌ಐವಿ ಇರುವವರಿಗೆ ಪ್ರವೇಶ ಅಥವಾ ವಾಸಕ್ಕೆ ಏನಾದರೊಂದು ನಿರ್ಬಂಧ ಇತ್ತು. ಕೊಲ್ಲಿಯ ಹಲವು ದೇಶಗಳಲ್ಲಿ ಕೆಲಸದ ಪರವಾನಗಿಗೆ ಟೆಸ್ಟ್ ಕಡ್ಡಾಯ, ಪಾಸಿಟಿವ್ ಬಂದರೆ ದೇಶದಿಂದ ಹೊರಗೆ ಕಳಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಕಾಯಂ ವೀಸಾಗೆ ಅರ್ಜಿ ಹಾಕುವ 15 ವರ್ಷ ದಾಟಿದವರಿಗೆ ಎಚ್‌ಐವಿ ಟೆಸ್ಟ್ ಇದೆ. ಪಾಸಿಟಿವ್ ಅಂದ ಮಾತ್ರಕ್ಕೆ ಅಲ್ಲಿ ಅರ್ಜಿ ಬಿದ್ದುಹೋಗುವುದಿಲ್ಲ, ಆದರೆ ಚಿಕಿತ್ಸೆಯ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ನೀವಿರುವ ದೇಶದ ನಿಯಮವನ್ನು ಅಲ್ಲಿನ ಎಚ್‌ಐವಿ ಸಂಘಟನೆಯಲ್ಲೋ ಉಚಿತ ಕಾನೂನು ನೆರವಿನಲ್ಲೋ ಹೆಸರು ಹೇಳದೆ ಕೇಳಬಹುದು. ಗೆಳೆಯರ ಗುಂಪಿನ ವಾಟ್ಸ್‌ಆ್ಯಪ್ ಮಾತನ್ನು ನಂಬಬೇಡಿ. ವೀಸಾ ಭಯಕ್ಕೆ ಟೆಸ್ಟ್ ಮುಂದೂಡಿದರೆ ಸೋಂಕು ಮಾಯವಾಗುವುದಿಲ್ಲ, ದೇಹ ಕುಗ್ಗುತ್ತದೆ ಅಷ್ಟೇ. ಮನೆಯಲ್ಲೇ ಮಾಡಿಕೊಳ್ಳುವ ಸೆಲ್ಫ್ ಟೆಸ್ಟ್ ಕಿಟ್ ಇದೆ, ಫಲಿತಾಂಶ ನಿಮ್ಮೊಬ್ಬರಿಗೇ ಗೊತ್ತಾಗುವುದು.

ವಿಮೆ ಇಲ್ಲ, ಹಣವೂ ಇಲ್ಲ.

ಲೈಂಗಿಕ ಆರೋಗ್ಯದ ಸರ್ಕಾರಿ ಕ್ಲಿನಿಕ್‌ಗಳು ಹಲವು ದೇಶಗಳಲ್ಲಿ ವೀಸಾ, ವಿಮೆ ಏನೂ ಕೇಳದೆ ಟೆಸ್ಟ್ ಮಾಡುತ್ತವೆ. ಮಾತ್ರೆಗೆ ಬ್ರ್ಯಾಂಡ್ ಬೇಕಿಲ್ಲ, ಜೆನೆರಿಕ್ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ, ಬೆಲೆ ಬಹಳ ಕಡಿಮೆ. ವೈದ್ಯರ ಚೀಟಿ ಇದ್ದರೆ ಮೂರು ತಿಂಗಳಿಗೆ ಆಗುವಷ್ಟು ಮಾತ್ರೆಯನ್ನು ಸ್ವಂತಕ್ಕೆ ಹೊರದೇಶದಿಂದ ತರಿಸಿಕೊಳ್ಳಲು ಆಸ್ಟ್ರೇಲಿಯಾದಂಥ ಕಡೆ ಅವಕಾಶ ಇದೆ. ನಿಮ್ಮಲ್ಲಿ ಏನು ನಿಯಮ ಅಂತ ಕ್ಲಿನಿಕ್‌ನವರೇ ಹೇಳುತ್ತಾರೆ.

ನಮ್ಮ ಭಾಷೆಯ ವೈದ್ಯರ ಹತ್ತಿರ ಹೋಗಲಾ?

ನಿಮಗೆ ನೆಮ್ಮದಿ ಎಲ್ಲೋ ಅಲ್ಲಿ. ಕೆಲವರಿಗೆ ತಮ್ಮವರೇ ಬೇಕು. ಕೆಲವರಿಗೆ ತಮ್ಮವರ ಮುಂದೆ ಬಾಯೇ ಬರುವುದಿಲ್ಲ. ದುಭಾಷಿ ಬೇಕಾದರೆ ಫೋನ್ ಮೂಲಕ ಕೊಡಿ, ನನ್ನ ಹೆಸರು ಹೇಳಬೇಡಿ ಎಂದು ಕೇಳಬಹುದು. ಗೆಳೆಯನನ್ನೋ ಸಂಬಂಧಿಕರನ್ನೋ ದುಭಾಷಿಯಾಗಿ ಕರೆದೊಯ್ಯಬೇಡಿ. ಅವರ ಮುಂದೆ ನಿಜ ಹೇಳುವುದು ಕಷ್ಟ.

ಯಾವಾಗ ಟೆಸ್ಟ್ ಮಾಡಿಸಿದರೆ ಸರಿಯಾಗಿ ಗೊತ್ತಾಗುತ್ತದೆ?

ಮರುದಿನವೇ ಮಾಡಿದರೆ ಏನೂ ತಿಳಿಯದು. ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಮಾಡುವ ನಾಲ್ಕನೇ ಪೀಳಿಗೆಯ ಟೆಸ್ಟ್ 18ರಿಂದ 45 ದಿನದಲ್ಲಿ ಹಿಡಿಯುತ್ತದೆ. ಸೆಲ್ಫ್ ಟೆಸ್ಟ್ ಮತ್ತು ಬೇಗ ಫಲಿತಾಂಶ ಕೊಡುವ ಹಲವು ಕಿಟ್‌ಗಳಿಗೆ 90 ದಿನದವರೆಗೂ ಬೇಕಾಗಬಹುದು. ಎರಡು ನಾಲ್ಕು ವಾರದಲ್ಲಿ ಜ್ವರ, ಗಂಟಲು ನೋವು, ಮೈಮೇಲೆ ಗಂಧೆ ಬಂದರೆ ಕಾಯದೆ ವೈದ್ಯರನ್ನು ನೋಡಿ, ಯಾಕೆ ಅನುಮಾನ ಅಂತಲೂ ಹೇಳಿ.

ಆ್ಯಪ್‌ನಲ್ಲಿ "ನಾನು ನೆಗೆಟಿವ್, ಕ್ಲೀನ್" ಅಂತಾನೆ. ನಂಬಲಾ?

ಅವನು ಸುಳ್ಳು ಹೇಳುತ್ತಿಲ್ಲದೇ ಇರಬಹುದು. ಕೊನೆಯ ಟೆಸ್ಟ್ ಯಾವಾಗ, ಅದಾದ ಮೇಲೆ ಏನಾಯಿತು ಅನ್ನೋದು ಆ ಮಾತಿನಲ್ಲಿ ಇಲ್ಲ. ಅವನ ಮಾತನ್ನು ನಿಮ್ಮ ರಕ್ಷಣೆ ಮಾಡಿಕೊಳ್ಳಬೇಡಿ. ಇನ್ನೊಂದು ಮಾತು: ಎಚ್‌ಐವಿ ಇರುವವರು ಕೊಳಕು ಅನ್ನುವ ಅರ್ಥ ಬರುವ ಹಾಗೆ ನಾವಾದರೂ ಮಾತಾಡದಿರೋಣ.

ನನ್ನ ಗೆಳೆಯನಿಗೆ ಎಚ್‌ಐವಿ ಇದೆ. ಜೊತೆಗಿರಬಹುದಾ?

ಖಂಡಿತ. ಅವನು ಚಿಕಿತ್ಸೆಯಲ್ಲಿದ್ದು, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು, ಹಾಗೇ ಉಳಿದಿದ್ದರೆ ಸೆಕ್ಸ್ ಮೂಲಕ ನಿಮಗೆ ಸೋಂಕು ಬರುವುದಿಲ್ಲ. 2019ರಲ್ಲಿ ಪ್ರಕಟವಾದ ಪಾರ್ಟ್‌ನರ್ 2 ಅಧ್ಯಯನದಲ್ಲಿ 782 ಗೇ ಜೋಡಿಗಳಿದ್ದವು. ಕಾಂಡೋಮ್ ಇಲ್ಲದೆ 76 ಸಾವಿರಕ್ಕೂ ಹೆಚ್ಚು ಸಲ ಸೆಕ್ಸ್ ನಡೆದಿತ್ತು. ಸಂಗಾತಿಯಿಂದ ಸಂಗಾತಿಗೆ ಹರಡಿದ್ದು ಒಂದೂ ಇಲ್ಲ. ಇಷ್ಟು ಒಳ್ಳೆಯ ಸುದ್ದಿ ಇನ್ನೂ ಎಷ್ಟೋ ಜನಕ್ಕೆ ತಲುಪಿಲ್ಲ ಅನ್ನೋದೇ ಬೇಸರ.

ಊರಲ್ಲಿ ಹೆಂಡತಿ ಇದ್ದಾಳೆ. ಇಲ್ಲಿ ಗಂಡಸರ ಜೊತೆ ಸಂಬಂಧ ಇದೆ.

ನಿಮ್ಮನ್ನು ತೂಗಿ ನೋಡುವುದು ನನ್ನ ಕೆಲಸ ಅಲ್ಲ. ಆದರೆ ಇಲ್ಲಿ ಇನ್ನೊಂದು ಜೀವದ ಆರೋಗ್ಯ ಇದೆ, ಅವಳಿಗೆ ಏನೂ ಗೊತ್ತಿಲ್ಲ. ಸರಿಯಾಗಿ ತೆಗೆದುಕೊಂಡ ಪ್ರೆಪ್ ನಿಮ್ಮಿಬ್ಬರನ್ನೂ ಎಚ್‌ಐವಿಯಿಂದ ಕಾಯುತ್ತದೆ. ಊರಿಗೆ ಹೋಗುವ ಮೊದಲು ಎಚ್‌ಐವಿ ಜೊತೆಗೆ ಸಿಫಿಲಿಸ್, ಗೊನೋರಿಯಾ, ಕ್ಲಮೈಡಿಯಾ ಟೆಸ್ಟ್ ಮಾಡಿಸಿ, ಚಿಕಿತ್ಸೆ ಮುಗಿಸಿ ಹೋಗಿ. ಗರ್ಭಿಣಿಗೆ ಸಿಫಿಲಿಸ್ ತಗುಲಿದರೆ ಮಗುವಿಗೂ ಬರಬಹುದು. ವೈದ್ಯರಿಗೆ ಹೆಂಡತಿ ಇರುವ ವಿಷಯವನ್ನೂ, ಗಂಡಸರ ವಿಷಯವನ್ನೂ ಎರಡನ್ನೂ ಹೇಳಿ. ಒಂದನ್ನೇ ಹೇಳಿದರೆ ಗಂಟಲು ಮತ್ತು ಗುದದ ಟೆಸ್ಟ್ ಮಾಡದೇ ಬಿಟ್ಟುಬಿಡುತ್ತಾರೆ.

ಪ್ರೆಪ್ ಬೇರೆ ರೋಗಗಳನ್ನೂ ತಡೆಯುತ್ತಾ?

ಇಲ್ಲ. ಅದಕ್ಕೇ ಮೂರು ತಿಂಗಳಿಗೊಮ್ಮೆ ತಪಾಸಣೆ. ಸೆಕ್ಸ್ ಆದ 72 ಗಂಟೆಯೊಳಗೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ನುಂಗುವ ಕ್ರಮವೊಂದಿದೆ, ಸಿಫಿಲಿಸ್ ಮತ್ತು ಕ್ಲಮೈಡಿಯಾವನ್ನು ಬಹಳ ತಗ್ಗಿಸುತ್ತದೆ. ವೈದ್ಯರನ್ನು ಕೇಳಿಯೇ ಮಾಡಿ. ಹೈಪಟೈಟಿಸ್ ಎ, ಹೈಪಟೈಟಿಸ್ ಬಿ, ಎಚ್‌ಪಿವಿ, ಎಂಪಾಕ್ಸ್ ಲಸಿಕೆಗಳ ಬಗ್ಗೆಯೂ ವಿಚಾರಿಸಿ.

ರಜೆಗೆ ಊರಿಗೆ ಹೋಗುವಾಗ ಮಾತ್ರೆ ಒಯ್ಯಬಹುದಾ?

ಬಹಳ ಕಡೆ ತೊಂದರೆ ಇಲ್ಲ. ಮೂಲ ಡಬ್ಬಿಯಲ್ಲಿ, ವೈದ್ಯರ ಚೀಟಿ ಜೊತೆ, ಕೈಚೀಲದಲ್ಲಿ ಇರಲಿ. ಆದರೆ ಇದೇ ಮಾತ್ರೆಯನ್ನು ಎಚ್‌ಐವಿ ಚಿಕಿತ್ಸೆಗೂ ಬಳಸುತ್ತಾರೆ. ಎಚ್‌ಐವಿ ಇರುವವರನ್ನು ತಡೆಯುವ ದೇಶದ ಮೂಲಕ ಹೋಗುವುದಿದ್ದರೆ ಅಧಿಕಾರಿಗಳು ತಪ್ಪು ತಿಳಿಯಬಹುದು. ಅಂಥ ಪ್ರಯಾಣಕ್ಕೆ ಮೊದಲು ಕ್ಲಿನಿಕ್‌ನಲ್ಲಿ ಮಾತಾಡಿ. ಸಮಯ ವಲಯ ಬದಲಾದರೆ ಚಿಂತೆ ಬೇಡ, ಕೆಲವು ಗಂಟೆ ಹೆಚ್ಚು ಕಡಿಮೆಯಾದರೆ ಏನೂ ಆಗದು.

ಟೆಸ್ಟ್ ಪಾಸಿಟಿವ್ ಬಂದರೆ?

ಮೊದಲು ಇನ್ನೊಂದು ಟೆಸ್ಟ್ ಮಾಡಿ ಖಚಿತ ಮಾಡುತ್ತಾರೆ. ಆಮೇಲೆ ಚಿಕಿತ್ಸೆ, ಆದಷ್ಟು ಅದೇ ವಾರ. ಬೇಗ ಶುರು ಮಾಡಿ ಬಿಡದೆ ಮುಂದುವರಿಸಿದವರು ಬೇರೆಯವರಷ್ಟೇ ಕಾಲ ಬದುಕುತ್ತಾರೆ, ದುಡಿಯುತ್ತಾರೆ, ಪ್ರೀತಿಸುತ್ತಾರೆ. ಆ ದಿನ ಒಬ್ಬರೇ ಇರಬೇಡಿ. ವೀಸಾ, ಕೆಲಸ, ಮನೆಯವರು, ಯಾವುದರ ಬಗ್ಗೆಯೂ ಆ ರಾತ್ರಿಯೇ ನಿರ್ಧಾರ ಮಾಡಬೇಕಿಲ್ಲ. ನನ್ನ ಒಪ್ಪಿಗೆ ಇಲ್ಲದೆ ಯಾರಿಗೂ ಹೇಳಬೇಡಿ ಎಂದು ಕ್ಲಿನಿಕ್‌ಗೆ ಸ್ಪಷ್ಟವಾಗಿ ತಿಳಿಸಿ.

ಈಗ ಒಬ್ಬನೇ ಸಂಗಾತಿ ಇದ್ದಾನೆ. ಪ್ರೆಪ್ ನಿಲ್ಲಿಸಬಹುದಾ?

ನಿಲ್ಲಿಸಬಹುದು. ಇಬ್ಬರೂ ಒಟ್ಟಿಗೆ ಟೆಸ್ಟ್ ಮಾಡಿಸಿ. ಸೋಂಕು ಟೆಸ್ಟ್‌ನಲ್ಲಿ ಕಾಣಿಸಲು ಬೇಕಾದ ದಿನಗಳು ಕಳೆದ ಮೇಲೆ ಇನ್ನೊಮ್ಮೆ ಮಾಡಿಸಿ. ಹೊರಗೆ ಏನಾದರೂ ಆದರೆ ಬೈಗುಳವಿಲ್ಲದೆ ಹೇಳಿಕೊಳ್ಳುವ ಮಾತು ನಿಮ್ಮಿಬ್ಬರ ನಡುವೆ ಇರಲಿ. ಟೆನೊಫೊವಿರ್ ಮಾತ್ರೆಯಾದರೆ ಕೊನೆಯ ಅಪಾಯದ ಸೆಕ್ಸ್ ಆದ ಮೇಲೆ ಎರಡು ದಿನ ನುಂಗಿ ಬಿಡಬಹುದು. ಹೈಪಟೈಟಿಸ್ ಬಿ ಇದ್ದರೆ ವೈದ್ಯರನ್ನು ಕೇಳದೆ ಬಿಡಬೇಡಿ. ಸಂಬಂಧ ಮುರಿದರೆ, ಅಥವಾ ಮತ್ತೆ ಬೇರೆ ಊರಿಗೆ ಹೊರಟರೆ, ಟೆಸ್ಟ್ ಮಾಡಿಸಿ ಮತ್ತೆ ಶುರು ಮಾಡಿ.